ಟೇಲರಣ್ಣ ಕಿಟಕಿಗಳಿಗೆ ಹಿಡಿ ತೊಡಿಸಿದ್ದು

ಟೇಲರಣ್ಣನ ಕೈಗೆ ಕತ್ತರಿ ಕೊಡುವ ಮೊದಲು ಅವನ ಗುರು ಒಂದೇ ಒಂದು ಮಾತು ಹೇಳಿಕೊಟ್ಟಿದ್ದ. "ಮನುಷ್ಯ ಉಬ್ತಾನೆ, ಬಟ್ಟೆ ಕುಗ್ಗುತ್ತೆ. ಇಬ್ಬರ ಮಧ್ಯೆ ಒಂದು ಬೆರಳು ಬಿಟ್ಟೋನೇ ಟೇಲರು."

ಆ ಮಾತು ಅವನ ತಲೆಯೊಳಗೆ ಹೋಗಿ, ಅಲ್ಲೇ ಎರಡು ಸಾಲು ಹೊಲಿಗೆ ಹಾಕಿಕೊಂಡು ಕೂತುಬಿಟ್ಟಿತು. ಅಂಗಿಗೆ ಒಂದು ಬೆರಳು ಹೆಚ್ಚು, ಪ್ಯಾಂಟಿಗೆ ಒಂದು ಬೆರಳು ಹೆಚ್ಚು. ಅಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಚಪ್ಪಲಿ ಕೊಳ್ಳುವಾಗಲೂ ಹಿಮ್ಮಡಿಯ ಹಿಂದೆ ಒಂದು ಬೆರಳು ಬಿಟ್ಟೇ ಕೊಳ್ಳುತ್ತಿದ್ದ. ಅವನು ಬರುವ ಸುದ್ದಿ ಬೀದಿಯ ಆ ತುದಿಯಿಂದಲೇ ಪಟಪಟನೆ ಗೊತ್ತಾಗುತ್ತಿತ್ತು. ಎಲ್ಲಿಗಾದರೂ ಹೊರಟರೆ ಬಸ್ಸು ತೊಳೆಯುವವನಿಗಿಂತ ಮೊದಲೇ ನಿಲ್ದಾಣದಲ್ಲಿ ನಿಂತಿರುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿಗೊಂದು ಕೋಟು ಹೊಲಿದು ಕೊಟ್ಟನಂತೆ. ಅವಳು ತೊಟ್ಟು ನೋಡಿ, "ಚೆನ್ನಾಗಿದೆ ರೀ. ಚಳಿ ಜಾಸ್ತಿಯಾದ್ರೆ ನನ್ನ ತಂಗೀನೂ ಒಳಗೆ ಕರ್ಕೋಬಹುದು" ಅಂದಳಂತೆ. ಅವನು ಅದನ್ನು ಹೊಗಳಿಕೆ ಎಂದೇ ತಿಳಿದ.

ಮನೆಯ ಮುಂಭಾಗದಲ್ಲೇ ಅಂಗಡಿ. ಅವನು ಕತ್ತರಿಸಿ ಹೊಲಿದರೆ, ಗುಂಡಿ ಹಚ್ಚುವುದು, ಕಾಜಾ ಹಾಕುವುದು, ಅಂಚು ಮಡಿಸುವುದೆಲ್ಲ ಹೆಂಡತಿಯ ಪಾಲು. ಜೊತೆಗೆ ಅತ್ತೆ, ಅಂದರೆ ಹೆಂಡತಿಯ ತಾಯಿ. ಅವರಿಗೆ ಮಂಡಿ ಮಾತು ಕೇಳುತ್ತಿರಲಿಲ್ಲ, ಬಾಯಿ ಮಾತ್ರ ಹೇಳಿದ್ದಕ್ಕಿಂತ ಹೆಚ್ಚೇ ಕೇಳುತ್ತಿತ್ತು.

ಈ ಮನೆಯ ಕಿಟಕಿಗಳ ಹಿಡಿಗಳು ಒಂದೊಂದಾಗಿ ಮುರಿಯತೊಡಗಿದವು. ಕಿಟಕಿಯ ಮೈಗೆ ಎರಡು ಸ್ಕ್ರೂಗಳಲ್ಲಿ ಕೂತ ಒಂದು ಪಟ್ಟಿ, ಅದರ ಮೇಲೆ ತಿರುಗುವ ಒಂದು ಕೈ, ಪಟ್ಟಿಯ ಬೆನ್ನಿಗೆ ಒಂದು ಚೌಕ ಸರಳು. ಕೈ ತಿರುಗಿಸಿದರೆ ಸರಳು ತಿರುಗಿ ಒಳಗಿನ ಅಗುಳಿಯನ್ನು ಎಳೆಯಬೇಕು. ಹಿಡಿ ಎಂದರೆ ಇಷ್ಟೇ. ಹಳೆಯದಾಗಿ ಕೈಗಳು ಕುತ್ತಿಗೆಯ ಹತ್ತಿರವೇ ಲಟಕ್ಕನೆ ಮುರಿದು ಬಂದವು. ಬೇರೆಯವರಾಗಿದ್ದರೆ ಹೊಸದು ತರುತ್ತಿದ್ದರು. ಟೇಲರಣ್ಣ ಟೇಲರಣ್ಣನೇ. ಮಲಗುವ ಕೋಣೆಯ ಕಿಟಕಿಗೆ ಪೈಜಾಮದ ಲಾಡಿ ಕಟ್ಟಿದ. ಅಂಗಡಿಯ ಕಿಟಕಿಗೆ ಪ್ಯಾಂಟಿನ ಕೊಕ್ಕೆ ಸಿಕ್ಕಿಸಿದ. ಬಚ್ಚಲಿನ ಕಿಟಕಿಗೆ ಒಂದು ಜಿಪ್ಪನ್ನೇ ಅಂಟಿಸಿದ. ಅಡುಗೆಮನೆಯದಕ್ಕೆ ಅಗಲ ಇಲಾಸ್ಟಿಕ್ಕು ಬಿಗಿದು ಗಂಟು ಹಾಕಿದ.

"ಅಳಿಯಂದ್ರೇ, ಕಿಟಕಿಗೆ ಚಡ್ಡಿ ಚೆನ್ನಾಗಿ ಕೂತಿದೆ" ಅಂದರು ಅತ್ತೆ.

ಒಂದು ಬೆಳಿಗ್ಗೆ ಹೆಂಡತಿ ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟು ಎದ್ದಿತು. ಕಿಟಕಿ ತೆರೆಯೋಣವೆಂದು ಕೈ ಚಾಚಿದರೆ ಗಂಟು. ಅದೂ ಎಳೆದಷ್ಟೂ ಬಿಗಿಯುವ ಟೇಲರ ಗಂಟು. ಅವಳು ಕೆಮ್ಮುತ್ತ, ಕಣ್ಣೀರು ಒರೆಸುತ್ತ ಕತ್ತರಿಗೆ ಕೈ ಹಾಕುವ ಹೊತ್ತಿಗೆ ಟೇಲರಣ್ಣ ಓಡಿ ಬಂದ.

"ಕತ್ತರಿಸ್ಬೇಡ ಕಣೇ! ಒಳ್ಳೇ ಇಲಾಸ್ಟಿಕ್ಕು ಅದು!"

"ಅದು ಒಳ್ಳೇದಾ? ಹಾಗಾದ್ರೆ ನಾನು?"

"ನೀನೂ ಒಳ್ಳೇವಳೇ. ಒಂದು ನಿಮಿಷ ತಡಿ, ಬಿಚ್ಚಿಬಿಡ್ತೀನಿ."

ಅವನು ಬಿಚ್ಚುವಷ್ಟರಲ್ಲಿ ಮೂವರೂ ಸೀನಿ ಸೀನಿ ಸುಸ್ತಾಗಿದ್ದರು. ಹೆಂಡತಿ ಮುಖ ತೊಳೆದುಕೊಂಡಳು, ಚೀಲಕ್ಕೆ ನಾಲ್ಕು ಬಟ್ಟೆ ತುಂಬಿಕೊಂಡಳು.

"ನಾನು ತಂಗಿ ಮನೆಗೆ ಹೋಗ್ತೀನಿ. ಈ ಮನೆ ಕಿಟಕಿಗಳು ಒಂದು ಕೈಲಿ ತೆಗೆದು ಒಂದು ಕೈಲಿ ಹಾಕೋ ಹಾಗಾದ್ರೆ ಹೇಳಿಕಳ್ಸಿ. ಅಲ್ಲೀವರೆಗೂ ನೀವುಂಟು, ನಿಮ್ಮ ಇಲಾಸ್ಟಿಕ್ಕುಂಟು."

"ಅಮ್ಮನ್ನ ಬಿಟ್ಟು ಹೋಗ್ತೀಯಾ?"

"ಅಮ್ಮ ಇಲ್ಲೇ ಇರ್ಲಿ. ನಿಮಗೂ ಗೊತ್ತಾಗ್ಲಿ."

ತಂಗಿಯ ಮನೆ ಎರಡು ಬೀದಿ ಆಚೆಗಿತ್ತು. ಆದರೆ ಟೇಲರಣ್ಣನಿಗೆ ಅದು ಏಳು ಸಮುದ್ರದಾಚೆ. ಯಾಕೆಂದರೆ ಅದು ಷಡ್ಡಕನ ಮನೆ. ಷಡ್ಡಕನ ಕಿಟಕಿಗಳು ಒಂದು ಬೆರಳು ತಾಕಿಸಿದರೆ ಬೆಣ್ಣೆಯ ಮೇಲೆ ಜಾರಿದಂತೆ ಜಾರುತ್ತಿದ್ದವು. ಬಂದವರಿಗೆಲ್ಲ ಅದನ್ನು ಜಾರಿಸಿ ತೋರಿಸದೆ ಅವನು ನೀರೂ ಕೊಡುತ್ತಿರಲಿಲ್ಲ. ಅದೇ ಸಂಜೆ ಅವನ ಫೋನು ಬಂತು. "ನಮ್ಮ ಕಿಟಕಿ ಹಾಕಿದೋನು ಇದಾನೆ, ಕಳಿಸ್ಲಾ?"

"ಬೇಡ. ನಾನೇ ಹಾಕ್ತೀನಿ" ಎಂದು ಟೇಲರಣ್ಣ ಫೋನು ಇಟ್ಟ. ಇಟ್ಟ ಮೇಲೆ, ಹಾಕುವುದು ಹೇಗೆಂದು ಯೋಚಿಸತೊಡಗಿದ.

ಅವಳಿಲ್ಲದ ಅಂಗಡಿ ನೋಡುವ ಹಾಗಿರಲಿಲ್ಲ. ಹೊಲಿದಿಟ್ಟ ಅಂಗಿಗಳು ಗುಂಡಿಯಿಲ್ಲದೆ ಎದೆ ತೆರೆದುಕೊಂಡು, ಜಗಳಕ್ಕೆ ನಿಂತ ಗಂಡಸರ ಹಾಗೆ ಸಾಲಾಗಿ ನೇತಾಡುತ್ತಿದ್ದವು. ನೂಲಿನ ಬಣ್ಣ ಆರಿಸುವಾಗ, "ಇದು ಹೊಂದುತ್ತೇನೇ?" ಎಂದು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದರೆ ಖಾಲಿ ಮಣೆ. ಒಳಗಿನಿಂದ ಅತ್ತೆ, "ಹೊಂದಲ್ಲ" ಅನ್ನುತ್ತಿದ್ದರು, ನೋಡದೆಯೇ.

ಟೇಲರಣ್ಣ ಟೇಪು ಕೊರಳಿಗೆ ಹಾಕಿಕೊಂಡು ಕಿಟಕಿಗಳ ಅಳತೆ ತೆಗೆದ. ಸ್ಕ್ರೂವಿನಿಂದ ಸ್ಕ್ರೂವಿಗೆ ಎಷ್ಟು, ಸರಳು ಎಷ್ಟು ಉದ್ದ, ಎಲ್ಲ ಸರಿಯಾಗಿಯೇ ಅಳೆದ. ಅಳೆದು, ಮನಸ್ಸಿನಲ್ಲೇ ಎಲ್ಲದಕ್ಕೂ ಒಂದೊಂದು ಬೆರಳು ಸೇರಿಸಿದ. ಸೇರಿಸಿದ್ದು ಅವನಿಗೇ ಗೊತ್ತಾಗಲಿಲ್ಲ. ಉಸಿರಾಡಿದ್ದು ಯಾರಿಗೆ ಗೊತ್ತಾಗುತ್ತದೆ?

"ಹಳೇ ಹಿಡೀನೇ ಬಿಚ್ಕೊಂಡು ಹೋಗಬಾರ್ದಾ? ಅಂಥದ್ದೇ ಕೊಡಿ ಅಂದ್ರಾಯ್ತು" ಅಂದರು ಅತ್ತೆ.

"ಹಳೇದು ತಗೊಂಡು ಹೋಗೋರು ಅಳತೆ ಬರದೋರು ಅತ್ತೆ. ನಾನು ಟೇಲರು."

ಹಾರ್ಡ್‌ವೇರ್ ಅಂಗಡಿಯವನನ್ನು ಎಲ್ಲರೂ ಮೊಳೆ ಸಾಹುಕಾರ ಎಂದೇ ಕರೆಯುತ್ತಿದ್ದರು. ಅವನು ಬಗೆಬಗೆಯ ಹಿಡಿಗಳನ್ನು ಗಾಜಿನ ಕೌಂಟರಿನ ಮೇಲೆ ಹರಡಿದ. ಕಪ್ಪು, ಬಿಳಿ, ಬೆಳ್ಳಿ ಬಣ್ಣ, ಬಳ್ಳಿ ಸುತ್ತಿದ ಹಿತ್ತಾಳೆ ಬಣ್ಣ. ಟೇಲರಣ್ಣ ಒಂದೊಂದನ್ನೇ ಎತ್ತಿ, ಗುಂಡಿ ಹೊಂದಿಸಿದ ಹಾಗೆ ತನ್ನ ಎದೆಗೆ ಹಿಡಿದು ಕನ್ನಡಿ ನೋಡಿದ.

"ನಿಮಗಾ, ಕಿಟಕಿಗಾ?" ಕೇಳಿದ ಸಾಹುಕಾರ.

"ಕಿಟಕಿಗೇ. ಬಿಳಿ ಕಿಟಕಿ. ಬಿಳಿ ಅಂದ್ರೆ ಪೂರ್ತಿ ಬಿಳಿ ಅಲ್ಲ, ಹಾಲು ಒಡೆದ ಬಿಳಿ."

"ಹಾಗಾದ್ರೆ ಬಿಳೀದೇ ತಗೊಳ್ಳಿ. ನಿಮ್ಮನೇಲಿ ಅದೂ ಬೇಗ ಒಡೆಯುತ್ತೆ. ಪಟ್ಟಿ ಸಣ್ಣದಾ ದೊಡ್ಡದಾ?"

ಟೇಲರಣ್ಣ ಅಳತೆ ಹೇಳಿದ. ಸಾಹುಕಾರ ಹುಬ್ಬು ಗಂಟಿಕ್ಕಿದ. "ಅಷ್ಟು ದೊಡ್ಡದಾ? ಮನೆ ಕಿಟಕಿಗೆ ಸಾಮಾನ್ಯವಾಗಿ ಸಣ್ಣದೇ ಬರೋದು. ಹಳೇದೊಂದು ತನ್ನಿ, ನೋಡೋಣ."

"ನನ್ನ ಟೇಪಿನ ಮೇಲೆ ಅನುಮಾನಾನಾ?"

ಊರಿಗೆಲ್ಲ ಅಂಗಿ ಹೊಲಿಯುವವನ ಟೇಪನ್ನು ಅನುಮಾನಿಸುವುದು ಹೇಗೆ? ಸಾಹುಕಾರ ದೊಡ್ಡದನ್ನೇ ಕಟ್ಟಿಕೊಟ್ಟ, ಸರಳೂ ಉದ್ದನೆಯದೇ.

ಮನೆಯಲ್ಲಿ ಅತ್ತೆ ಕುರ್ಚಿ ಎಳೆಸಿಕೊಂಡು, ಸ್ಕ್ರೂಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಟೇಲರಣ್ಣ ಅಡುಗೆಮನೆಯ ಹಳೆಯ ಪಟ್ಟಿ ಬಿಚ್ಚಿ ಹೊಸ ಹಿಡಿ ಇಟ್ಟ. ಮೇಲಿನ ಸ್ಕ್ರೂ ತೂತಿಗೆ ಕೂತಿತು. ಕೆಳಗಿನದು ತೂತು ಬಿಟ್ಟು ಒಂದು ಬೆರಳು ಆಚೆ ಹೋಗಿ ನಿಂತಿತು. ಕೆಳಗಿನದನ್ನು ಕೂರಿಸಿದರೆ ಮೇಲಿನದು ಆಚೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸರಳು ಬೇರೆ ಉದ್ದವಾಗಿ, ಪಟ್ಟಿ ಕಿಟಕಿಗೆ ತಾಗದೆ, ಮುನಿಸಿಕೊಂಡ ನಂಟನ ಹಾಗೆ ದೂರವೇ ನಿಂತಿತ್ತು.

ಟೇಲರಣ್ಣ ಧೈರ್ಯಗೆಡಲಿಲ್ಲ. ಒಂದು ತುದಿಗೆ ಸ್ಕ್ರೂ ಹಾಕಿ, ಇನ್ನೊಂದು ತುದಿಗೆ ಗುಂಡಿಯ ದಾರ ಸುತ್ತಿದ.

"ಇದೇನು ಅಳಿಯಂದ್ರೇ?"

"ಕಚ್ಚಾ ಹೊಲಿಗೆ. ಆಮೇಲೆ ಗಟ್ಟಿ ಮಾಡ್ತೀನಿ."

ತಿರುಗಿಸಿದರೆ ಹಿಡಿ ಕೈಗೇ ಬಂತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ ಟೇಲರಣ್ಣ, "ಮಾಲು ಸರಿಯಿಲ್ಲ. ನಾನು ಅಳತೆ ಸರಿಯಾಗೇ ಕೊಟ್ಟೆ, ಮೇಲೆ ಒಂದು ಬೆರಳು ಬಿಟ್ಟೂ ಕೊಟ್ಟೆ" ಅಂದ.

"ಒಂದು ಬೆರಳು ಯಾತಕ್ಕೆ?"

"ಬಿಡದೆ ಇದ್ರೆ ಹೇಗತ್ತೆ? ನಾಳೆ ಒಗೆದ ಮೇಲೆ..."

ಅಲ್ಲಿಗೆ ಮಾತು ನಿಂತಿತು. ಅತ್ತೆ ಮಡಿಲಿನ ಸ್ಕ್ರೂಗಳನ್ನು ಒಮ್ಮೆ ನೋಡಿದರು, ಅಳಿಯನನ್ನು ಒಮ್ಮೆ ನೋಡಿದರು.

"ಕಿಟಕೀನ ಒಗೀತೀರಾ?"

ಅತ್ತೆಗೆ ನಗು ಎಲ್ಲಿಂದ ಬಂತೋ, ಕುರ್ಚಿ ಅಲುಗಿ, ಸ್ಕ್ರೂಗಳೆಲ್ಲ ಮಡಿಲಿನಿಂದ ಹಾರಿ ಒಲೆಯ ಕೆಳಗೆ ಸೇರಿದವು. ಅವನು ಮಂಡಿಯೂರಿ ಹೆಕ್ಕುತ್ತಿದ್ದರೆ ಮೇಲಿನಿಂದ, "ತೊಳೆದು ಹಿಂಡಿ, ಹೊರಗೆ ಹಗ್ಗಕ್ಕೆ ಹಾಕಿ ಅಳಿಯಂದ್ರೇ, ಚೆನ್ನಾಗಿ ಒಣಗ್ಲಿ" ಎಂಬ ಮಾತು ನಿಂತು ನಿಂತು ಬರುತ್ತಿತ್ತು. ಒಲೆಯ ಕೆಳಗೇ ತುಸು ಹೊತ್ತು ಇದ್ದುಬಿಡೋಣ ಅನ್ನಿಸಿತು ಅವನಿಗೆ.

ಆದರೆ ಹೊರಗೆ ಅಂಗಿಗಳು ಎದೆ ತೆರೆದು ಕಾಯುತ್ತಿದ್ದವು. ಅವನೂ ಅವಳಿಗಾಗಿ ಕಾಯುತ್ತಿದ್ದ.

ಮರುದಿನ ಮುರಿದ ಹಳೆಯ ಹಿಡಿಯನ್ನು ಬಟ್ಟೆಯ ಚೂರಿನಲ್ಲಿ ಸುತ್ತಿ, ಅಂಗಿಯೊಳಗೆ ಬಚ್ಚಿಟ್ಟುಕೊಂಡು, ಹೊಸ ಹಿಡಿಗಳ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಅವನು ಮತ್ತೆ ಅಂಗಡಿಗೆ ಹೋದ. ಬೇರೆ ಗಿರಾಕಿಗಳು ಹೋಗುವವರೆಗೂ ಬೀಗಗಳನ್ನು ನೋಡುತ್ತ ನಿಂತ. ಅವರು ಹೋಗಲಿಲ್ಲ. ಇನ್ನೂ ನಾಲ್ಕು ಜನ ಬಂದರು.

"ಏನು ಟೇಲರಣ್ಣ, ನಿಮ್ಮ ಕಿಟಕಿ ರಾತ್ರೋರಾತ್ರಿ ಸಣ್ಣ ಆಯ್ತಾ?" ಕೂಗಿ ಕೇಳಿದ ಸಾಹುಕಾರ. "ಅಂಗಿಯೊಳಗೆ ಏನದು?"

ಟೇಲರಣ್ಣ ಮೆಲ್ಲಗೆ ಹೊರತೆಗೆದು ಗಾಜಿನ ಮೇಲಿಟ್ಟ. "ಅಳತೆಗೆ."

ಸಾಹುಕಾರನ ಮುಖ ಅರಳಿತು. "ನಾನು ಒಂದು ಸಲ ಹಳೇ ಅಂಗಿ ತಂದು, ಇದೇ ಅಳತೇಲಿ ಹೊಲೀರಿ ಅಂದಿದ್ದೆ. ನೆನಪಿದೆಯಾ?"

"ಇದೆ."

"ಏನಂದ್ರಿ ಅವತ್ತು?"

"ಬಿಡಿ ಸಾಹುಕಾರ್ರೇ."

"ಇಲ್ಲ ಇಲ್ಲ, ಇವರೆಲ್ಲ ಕೇಳ್ಲಿ."

ಟೇಲರಣ್ಣ ಹಿಡಿಯನ್ನೇ ನೋಡುತ್ತ ಹೇಳಿದ, "ಹಳೇ ಅಂಗಿ ಹೊತ್ಕೊಂಡು ಬರೋನಿಗೆ ತನ್ನ ಮೈಯೇ ಪರಿಚಯ ಇರಲ್ಲ, ಅಂದಿದ್ದೆ."

ಅಂಗಡಿಯೇ ನಕ್ಕಿತು. ಟೇಲರಣ್ಣ ನಿಂತಲ್ಲೇ ನಿಂತಿದ್ದ. ಅವನ ಮುಖ ಕಂಡು ಸಾಹುಕಾರನಿಗೂ ಏನನ್ನಿಸಿತೋ, ನಗು ಸಾಕು ಮಾಡಿ, ಹಳೆಯದರ ಮೇಲೆ ಹೊಸದನ್ನು ಬೆನ್ನಿಗೆ ಬೆನ್ನು ಇಟ್ಟು ನೋಡಿದ. ತೂತಿಗೆ ತೂತು ಸೇರಿತು, ಸರಳಿಗೆ ಸರಳು ಸಮ. ದೊಡ್ಡವನ್ನು ವಾಪಸ್ಸು ತೆಗೆದುಕೊಂಡು ಸಣ್ಣವನ್ನು ಕಟ್ಟುತ್ತ ಸಾಹುಕಾರ ಕೇಳಿದ, "ಒಂದು ಬೆರಳು ಹೆಚ್ಚು ಬಿಡ್ಲಾ?"

"ಬೇಡ" ಅಂದ ಟೇಲರಣ್ಣ.

ಮಧ್ಯಾಹ್ನದೊಳಗೆ ಎಲ್ಲ ಕಿಟಕಿಗಳಿಗೂ ಹಿಡಿಗಳು ಕೂತವು. ಬಚ್ಚಲಿನದು ಮಾತ್ರ ಮೊದಲು ತಿರುವುಮುರುವಾಯಿತು. ಹಿಡಿ ಅಡ್ಡ ನಿಂತರೆ ಕಿಟಕಿ ಮುಚ್ಚುತ್ತಿತ್ತು, ಕೆಳಗೆ ನೋಡಿದರೆ ತೆರೆಯುತ್ತಿತ್ತು. "ಸ್ನಾನಕ್ಕೆ ಹೋದೋರ ಮಾನ ಹೋಗುತ್ತೆ, ಸರಿ ಮಾಡಿ" ಎಂದರು ಅತ್ತೆ. ಕಿತ್ತು, ಸರಳನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಹಾಕಿದ ಮೇಲೆ ಸರಿಹೋಯಿತು. ಅತ್ತೆ ಎಲ್ಲವನ್ನೂ ಒಮ್ಮೆ ತಿರುಗಿಸಿ ನೋಡಿ, ಮಗಳಿಗೆ ಫೋನು ಮಾಡಿದರು. "ಬಾ. ನಗೋಕೇನೂ ಉಳಿದಿಲ್ಲ."

ಅವಳು ಬಂದಳು. ಟೇಲರಣ್ಣ ಮೊದಲು ನೋಡಿದ್ದು ಅವಳ ಕೈ. ಚೀಲ ಇರಲಿಲ್ಲ.

"ಕಿಟಕಿ ನೋಡೋಕೆ ಬಂದಿದೀನಿ ಅಷ್ಟೆ" ಅಂದಳು ಹೆಂಡತಿ. "ನೀವು ಹೊರಗೆ ನಿಂತು ಎಳೀರಿ. ಒಂದು ಬಿಚ್ಕೊಂಡ್ರೂ ಹೀಗೇ ವಾಪಸ್ ಹೋಗ್ತೀನಿ."

ಅವಳು ಒಳಗಿನಿಂದ ಹಿಡಿ ತಿರುಗಿಸಿ ಮುಚ್ಚುತ್ತ ಹೋದಳು, ಅವನು ಹೊರಗಿನಿಂದ ಅಂಚಿಗೆ ಉಗುರು ಸಿಕ್ಕಿಸಿ ಎಳೆಯುತ್ತ ಹೋದ. ಮಲಗುವ ಕೋಣೆಯದು ಅಲುಗಲಿಲ್ಲ. ಅಂಗಡಿಯದೂ ಬಚ್ಚಲಿನದೂ ಅಲುಗಲಿಲ್ಲ. ಬೀದಿಗೆ ಮುಖ ಮಾಡಿದ ಅಡುಗೆಮನೆಯ ಕಿಟಕಿ ಕೊನೆಯದು. ಗೋಡೆಗೆ ಕಾಲು ಒತ್ತಿ ಎಳೆದ, ಉಗುರು ಮುರಿಯಿತೇ ಹೊರತು ಕಿಟಕಿ ಬರಲಿಲ್ಲ. ಗೆದ್ದೆ ಎಂದು ತಲೆಯೆತ್ತಿ ನೋಡಿದರೆ, ಗಾಜಿನಾಚೆ ಅವಳ ಬಾಯಿ ಏನೋ ಹೇಳುತ್ತಿದೆ. ಕಿಟಕಿ ಎಷ್ಟು ಬಿಗಿಯಾಗಿ ಕೂತಿತ್ತೆಂದರೆ ಒಂದಕ್ಷರವೂ ಆಚೆ ಬರುತ್ತಿಲ್ಲ. ಅವಳು ಕೈಯನ್ನು ತಂಗಿಯ ಮನೆಯ ದಿಕ್ಕಿಗೆ ತೋರಿಸಿದಳು. ಹಣೆ ಚಚ್ಚಿಕೊಂಡಳು. ಮತ್ತೆ ಅದೇ ದಿಕ್ಕಿಗೆ ತೋರಿಸಿದಳು.

ಟೇಲರಣ್ಣ ತಿಳಿದದ್ದು ಒಂದೇ. ಹೋಗ್ತೀನಿ ಅಂತಿದಾಳೆ!

"ಹೋಗ್ಬೇಡ ಕಣೇ!" ಎಂದು ಗಾಜಿಗೆ ಬಾಯಿ ಹಚ್ಚಿ ಕೂಗಿದ. "ಇಲಾಸ್ಟಿಕ್ಕು ಒಳ್ಳೇದು ಅಂದಿದ್ದು ನನ್ನ ತಪ್ಪು! ನೀನೇ ಒಳ್ಳೇವಳು! ನೀನಿಲ್ದೆ ಒಂದು ಅಂಗಿಗೂ ಗುಂಡಿ ಇಲ್ಲ! ನಂಗೆ ಊಟ ಸೇರ್ತಿಲ್ಲ! ನಿಮ್ಮಮ್ಮ ಬೇಯಿಸಿದ್ದನ್ನ ಬೆಕ್ಕೂ ಮೂಸ್ತಿಲ್ಲ! ಇನ್ಮೇಲೆ ನಿನ್ನ ಬಟ್ಟೇನ ಮೈಗೆ ಸರಿಯಾಗಿ ಹೊಲೀತೀನಿ, ಆಣೆ!"

ಎದುರು ಮನೆಯವರು ಹೊರಗೆ ಬಂದರು. ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಕಾಲೂರಿ ನಿಂತ.

ಒಳಗೆ ಹಿಡಿ ತಿರುಗಿತು, ಒಂದೇ ಕೈಯಲ್ಲಿ. ಕಿಟಕಿ ರಪ್ಪನೆ ತೆರೆದು ಟೇಲರಣ್ಣನ ಮೂಗಿಗೆ ಬಡಿಯಿತು.

"ಏನ್ರೀ ಅದು ಬಾಯಿ ಬಡ್ಕೋತಿರೋದು? ನಂಗೊಂದೂ ಕೇಳಿಸ್ಲಿಲ್ಲ" ಅಂದಳು ಹೆಂಡತಿ. "ಚೀಲ ತಂಗಿ ಮನೇಲಿದೆ, ಹೋಗಿ ತಗೊಂಬನ್ನಿ ಅಂತ ಆಗ್ಲಿಂದ ಹೇಳ್ತಿದೀನಿ!"

"ಅವಳಿಗೆ ಕೇಳಿಸ್ಲಿಲ್ಲ ಬಿಡಿ ಟೇಲರಣ್ಣ, ನಮಗೆಲ್ಲ ಕೇಳಿಸ್ತು" ಅಂದಳು ಎದುರು ಮನೆಯಾಕೆ.

"ನಂಗೂ ಕೇಳಿಸ್ತು" ಎಂದು ಬೀದಿಬಾಗಿಲು ತೆರೆದಿದ್ದ ನಡುಮನೆಯಿಂದ ಅತ್ತೆಯ ದನಿ ಬಂತು. "ಬೆಕ್ಕಿನ ವಿಷಯ ಆಮೇಲೆ ಮಾತಾಡೋಣ."

ಟೇಲರಣ್ಣ ಮೂಗು ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ, ಷಡ್ಡಕನ ಮನೆಯ ಕಡೆಗೆ ಓಡಿದ.