ಮೂರನೆಯವಳ ಸರದಿ

ಅವನನ್ನು ಎಲ್ಲರೂ ಎಕ್ಸ್‌ಪ್ರೆಸ್ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಒಂದು ಬೋಲ್ಟು ಬಿಚ್ಚಲು ಕೂತರೆ ಮಧ್ಯಾಹ್ನ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಮೆಕ್ಯಾನಿಕ್ಕಿಗೆ ಇದಕ್ಕಿಂತ ಒಪ್ಪುವ ಹೆಸರು ಯಾರಿಗೂ ಹೊಳೆದಿರಲಿಲ್ಲ. ಅವನಿಗೂ ಅದರಿಂದ ಬೇಜಾರಿರಲಿಲ್ಲ. ಐವತ್ತೊಂಬತ್ತು ವರ್ಷಗಳಲ್ಲಿ ಅವನು ಯಾವುದರ ಹಿಂದೆಯೂ ಓಡಿದವನಲ್ಲ. ಕೆಲಸ ಮಾಡುತ್ತ ತೂಕಡಿಸುವನು, ತೂಕಡಿಸುತ್ತ ಕನಸು ಕಾಣುವನು, ಎಚ್ಚರವಾದಾಗ ಎಷ್ಟೋ ಸಲ ಗಾಡಿಯ ರೋಗ ಏನೆಂದು ತಿಳಿದಿರುತ್ತಿತ್ತು. ಗಿರಾಕಿಗಳು ಬೈದುಕೊಂಡೇ ಬರುತ್ತಿದ್ದರು. ಬರುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಅವನ ಶೆಡ್ಡಿನ ತಗಡಿನ ಮಾಡಿಗೆ ಲೆಕ್ಕವಿಲ್ಲದಷ್ಟು ತೂತು. ಬಿಸಿಲು ಆ ತೂತುಗಳಿಂದ ಇಳಿದು ನೆಲದ ಮೇಲೆ ದುಂಡು ದುಂಡಾಗಿ ಬೀಳುತ್ತಿತ್ತು. ಆ ಬೆಳಕಿನ ಬಿಲ್ಲೆಗಳು ಎಣ್ಣೆ ಕಲೆಗಳ ಮೇಲೆ ತೆವಳುತ್ತ ಗೋಡೆ ಮುಟ್ಟಿದರೆ ಸಂಜೆ ಎಂದು ಅರ್ಥ. ಅವು ಕೊನೆಗೆ ಹೋಗಿ ಸೇರುತ್ತಿದ್ದ ಮೂಲೆಯಲ್ಲಿ ಅಪ್ಪನ ಟ್ರಕ್ಕು ನಿಂತಿತ್ತು. ಎಕ್ಸ್‌ಪ್ರೆಸ್ಸಿಗಿಂತ ಎರಡು ವರ್ಷ ಹಿರಿಯದು. ಆಳೆತ್ತರದ ಗಾಲಿಗಳು, ನಾಲ್ಕೂ ಗಾಲಿಗೆ ಎಳೆಯುವ ಶಕ್ತಿ, ಒಂದೇ ಸಾಲಿನಲ್ಲಿ ಕೂತ ಆರು ಸಿಲಿಂಡರು. ರಸ್ತೆಯೇ ಇಲ್ಲದ ಕಡೆ ಹೋಗಲೆಂದು ಹುಟ್ಟಿದ ಗಾಡಿ. ಸುತ್ತಮುತ್ತ ಆರು ಸಿಲಿಂಡರಿನದು ಅದೊಂದೇ, ಉಳಿದವೆಲ್ಲ ನಾಲ್ಕರವು.

ಅಪ್ಪನ ನಂತರ ಅದನ್ನು ಓಡಿಸುತ್ತಿದ್ದವಳು ದೊಡ್ಡಕ್ಕ. ಎಪ್ಪತ್ತು ವರ್ಷ, ಕೆಳಗೊಂದು ದಿಂಬು ಹಾಕಿಕೊಳ್ಳದೆ ಅವಳಿಗೆ ರಸ್ತೆ ಕಾಣದು. ಜೇನು ಸಾಕುವುದು ಅವಳ ಕಸುಬು. ವರ್ಷಕ್ಕೊಮ್ಮೆ ಮೇಲಿನ ಇಳಿಜಾರು ಹೂಬಿಟ್ಟಾಗ ಮೂವತ್ತು ಪೆಟ್ಟಿಗೆಗಳನ್ನು ಹೇರಿಕೊಂಡು, ಜೇನು ಏಳುವ ಮೊದಲೇ, ಹನ್ನೊಂದು ತಿರುವಿನ ಕಲ್ಲುದಾರಿಯನ್ನು ಹತ್ತಬೇಕು. ಹೋದ ವರ್ಷ ಟ್ರಕ್ಕು ಏಳನೆಯ ತಿರುವಿನಲ್ಲಿ ಉಸಿರು ಕಳೆದುಕೊಂಡಿತು. ದೊಡ್ಡಕ್ಕ ಅದನ್ನು ಏಳು ತಿರುವು ಹಿಮ್ಮುಖವಾಗಿಯೇ ಇಳಿಸಿಕೊಂಡು ಬಂದಿದ್ದಳು.

ಈ ವರ್ಷ ಹೂವು ಬಿಡುವುದಕ್ಕೆ ತಿಂಗಳಿರುವಾಗಲೇ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು.

“ನೋಡೋ, ಗುಜರಿಯವನಿಗೆ ಹೇಳಿಬಿಟ್ಟಿದ್ದೀನಿ. ಈ ಸಲ ಹತ್ತಲಿಲ್ಲ ಅಂದ್ರೆ ಬಂದು ಎತ್ಕೊಂಡು ಹೋಗ್ತಾನೆ. ಕಬ್ಬಿಣಕ್ಕೆ ಕಣ್ಣೀರು ಹಾಕೋ ವಯಸ್ಸಲ್ಲ ನಂದು.”

“ಹೊಸ ಎಂಜಿನ್ ಕೂರಿಸಿದ್ರೆ...”

“ಆ ದುಡ್ಡಿಗೆ ಹೊಸ ಗಾಡೀನೇ ಬರುತ್ತೆ. ಅಗ್ಗದಲ್ಲಿ ಏನಾಗುತ್ತೋ ಅಷ್ಟು ಮಾಡು. ಆಗಲಿಲ್ಲ ಅಂದ್ರೆ ಕೈಮುಗಿದು ಕಳಿಸಿಬಿಡೋಣ.”

ಕಳಿಸಿಬಿಡೋಣ ಎಂಬ ಮಾತಿಗೆ ಎಕ್ಸ್‌ಪ್ರೆಸ್ ಟ್ರಕ್ಕಿನ ಬಾನೆಟ್ಟಿನ ಮೇಲೆ ಕೈಯಿಟ್ಟ. ಅವಳಿಗೆ ಅದು ಗಾಡಿ, ಅವನಿಗೆ ಮನೆ. ಅವರು ಆರು ಜನ ಮಕ್ಕಳು; ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿ, ಕೆಲವರು ಮಣ್ಣಿಗೂ ಹೋಗಿ, ಈಗ ಅಲ್ಲಿ ಉಳಿದವರು ಮೊದಲನೆಯವಳು ಮತ್ತು ಆರನೆಯವನು. ಆದರೆ ಆ ಬಾನೆಟ್ಟಿನಡಿ ಆರೂ ಜನ ಇನ್ನೂ ಒಂದೇ ಬೆಂಚಿನ ಮೇಲೆ ಕೂತಿದ್ದರು.

ಹಾಗೆಂದರೆ ಹಾಗೆಯೇ. ಅವರ ಅಡುಗೆಮನೆಯಲ್ಲಿ ಗೋಡೆಗಾನಿಸಿದ ಉದ್ದನೆಯ ಬೆಂಚೊಂದಿತ್ತು. ಮಕ್ಕಳು ಹುಟ್ಟಿದ ಸಾಲಿನಲ್ಲೇ ಕೂರಬೇಕು. ಅಮ್ಮ ಬಡಿಸುತ್ತಿದ್ದ ಕ್ರಮ ಮಾತ್ರ ಬೇರೆ: ಒಂದು, ಐದು, ಮೂರು, ಆರು, ಎರಡು, ನಾಲ್ಕು. ಅಕ್ಕಪಕ್ಕದ ಇಬ್ಬರಿಗೆ ಒಬ್ಬರ ಹಿಂದೊಬ್ಬರಂತೆ ಬಡಿಸಿದರೆ ಬಟ್ಟಲು ಬಟ್ಟಲಿಗೆ ತಾಗಿ ಜಗಳ ಹತ್ತುತ್ತಿತ್ತು. ಒಂದು ದಿನ ಅದನ್ನು ಗಮನಿಸಿದ ಅಪ್ಪ ಬಿದ್ದು ಬಿದ್ದು ನಕ್ಕಿದ್ದ. “ಅಯ್ಯೋ, ನನ್ನ ಎಂಜಿನ್ನೂ ಇದೇ ಸರದೀಲಿ ಉರಿಯೋದು ಕಣೇ! ಪಕ್ಕಪಕ್ಕದವರಿಗೆ ಒಟ್ಟೊಟ್ಟಿಗೆ ಕೊಟ್ರೆ ಅದೂ ನಡುಗುತ್ತೆ.” ಹೀಗೆ ಎಕ್ಸ್‌ಪ್ರೆಸ್ ಅಕ್ಷರ ಕಲಿಯುವ ಮೊದಲೇ ಎಂಜಿನ್ನಿನ ಸರದಿಯನ್ನು ಅನ್ನದ ಜೊತೆ ಕಲಿತಿದ್ದ.

ಮೂರನೆಯವಳು ಮಹಾ ಹಸಿವಿನವಳು. ತನ್ನ ಸರದಿ ಬರುವ ತನಕ ಚಮಚದಿಂದ ಬಟ್ಟಲಿನ ಅಂಚಿಗೆ ಟಕ್ ಟಕ್ ಟಕ್ ಎಂದು ಬಡಿಯುತ್ತಿದ್ದಳು. ಅದಕ್ಕೇ ಅವಳ ಹೆಸರು ಟಕಟಕಿ. ಹತ್ತನೆಯ ವಯಸ್ಸಿನಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಆಮೇಲೂ ಅಮ್ಮ ಸರದಿ ಬದಲಿಸಲಿಲ್ಲ. ಒಂದು, ಐದು, ಆಮೇಲೆ ಸೌಟು ಹಿಡಿದ ಕೈ ಗಾಳಿಯಲ್ಲಿ ನಿಲ್ಲುತ್ತಿತ್ತು. ಆ ಒಂದು ಉಸಿರಿನಷ್ಟು ಹೊತ್ತು ಎಲ್ಲರೂ ಕಿಟಕಿಯ ಕಡೆ ನೋಡುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಅಮ್ಮನ ಮುಖ ನೋಡಲಾಗದೆ ಕಲಿತದ್ದು. ನಂತರ ಆರನೆಯವನ ಬಟ್ಟಲಿಗೆ ಬೀಳುತ್ತಿತ್ತು. ನಾಲ್ಕು ವರ್ಷದ ಮಗು, ಎದುರಿಗೇ ಊಟ, ಆದರೂ ಕಾಯಬೇಕು. ಕಾಯುವುದು ಅವನ ಮೈಗೆ ಹತ್ತಿದ್ದು ಅಲ್ಲೇ ಎಂದು ನನಗನ್ನಿಸುತ್ತದೆ. ಅವನನ್ನು ಸೋಮಾರಿ ಎಂದವರಿಗೆ ಇದು ಗೊತ್ತಿರಲಿಲ್ಲ.

ಆ ತಿಂಗಳು ಅವನು ತನ್ನ ಲೆಕ್ಕದಲ್ಲಿ ಓಡಿಯೇ ಓಡಿದ. ಹಾಳುಬಿದ್ದ ನೀರೆತ್ತುವ ಯಂತ್ರವೊಂದರಿಂದ ದೊಡ್ಡ ಬಾಯಿಯ ಕಾರ್ಬುರೇಟರ್ ಬಿಚ್ಚಿ ತಂದು, ಒಂದು ವಾರ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಕಿರಿದಾದ ಹೊಗೆ ಕೊಳವೆ ತೆಗೆದು ಅಗಲದ್ದು ಹಾಕಿದ. ಬಗ್ಗಿಸಿಕೊಟ್ಟವನು ಮಂಚ ಕುರ್ಚಿ ಮಾಡುವ ವೆಲ್ಡರು, ಹಾಗಾಗಿ ತುದಿಯಲ್ಲಿ ಮಂಚದ ಕಾಲಿನ ಸೊಗಸು ಉಳಿದೇ ಹೋಯಿತು. ಲಾರಿಯೊಂದರ ಹಳೆಯ ಏರ್ ಫಿಲ್ಟರು ಬಂತು. ಕಿಡಿ ಹಾರಿಸುವ ಹಳೆಯ ಪಾಯಿಂಟುಗಳ ಜಾಗಕ್ಕೆ, ಅಪಘಾತದಲ್ಲಿ ನುಜ್ಜಾದ ಕಾರಿನ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದು ಕೂತಿತು.

ಅದನ್ನು ಕಂಡ ದೊಡ್ಡಕ್ಕ ಮೂಗು ಮುರಿದಳು. “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು.”

ಆದರೂ ಗಾಡಿಗೆ ಜೀವ ಬಂದದ್ದು ಸುಳ್ಳಲ್ಲ. ಸಮತಟ್ಟಿನಲ್ಲಿ ಕುದುರೆಯ ಹಾಗೆ ಓಡಿತು. ಬರಿದಾದ ಪೆಟ್ಟಿಗೆಗಳಲ್ಲಿ ಕಲ್ಲು ತುಂಬಿ ದಾರಿ ಹತ್ತಿಸಿ ನೋಡಿದರು. ಏಳನೆಯ ತಿರುವು ದಾಟಿತು, ಎಂಟು ದಾಟಿತು. ಎಲ್ಲಕ್ಕಿಂತ ಕಡಿದಾದ ಒಂಬತ್ತರಲ್ಲಿ ಮೊದಲು ನಡುಗಿತು, ಆಮೇಲೆ ಕುಂಟಿತು, ಆಮೇಲೆ ನಿಂತಿತು. ನಿಂತ ಗಾಡಿಯೊಳಗಿಂದ ಅವನು ಹೂವು ಬಿಡಲು ಹೊರಟ ಇಳಿಜಾರನ್ನು ನೋಡಿದ. ಇನ್ನು ಎರಡು ದಿನ, ಹೆಚ್ಚೆಂದರೆ ಮೂರು.

“ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು” ಎಂದಳು ದೊಡ್ಡಕ್ಕ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಅವನಿಗೆ ಹೆಚ್ಚು ನೋವಾದದ್ದು.

ಮರುದಿನ ಮಧ್ಯಾಹ್ನ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು ಅವನು ಪಕ್ಕದ ಗೋಣಿಯ ಮೇಲೆ ಒರಗಿದ. ಬೆಳಕಿನ ಬಿಲ್ಲೆಗಳು ಎದೆಯ ಮೇಲೆ ಹತ್ತಿದವು. ಆ ಎಂಜಿನ್ನಿನಲ್ಲಿ ಎಷ್ಟೋ ವರ್ಷದಿಂದ ಸಣ್ಣದೊಂದು ಸದ್ದಿತ್ತು, ಟಕ್ ಟಕ್ ಟಕ್. ಮುದಿ ಗಾಡಿಯ ಮೂಳೆ ಸದ್ದು ಎಂದುಕೊಂಡಿದ್ದ. ಆ ಸದ್ದು ಕೇಳಿದರೆ ಅವನಿಗೆ ಜೋಗುಳ ಹಾಡಿದ ಹಾಗೆ ನಿದ್ದೆ ಬರುತ್ತಿತ್ತು. ಬಂತು. ಕನಸಿನಲ್ಲಿ ಆರು ಮಕ್ಕಳು ಎಂಜಿನ್ನಿನ ಮೇಲೆ ಸಾಲಾಗಿ ಕೂತು, ಬಟ್ಟಲು ಹಿಡಿದು, ಹೂವಿನ ಇಳಿಜಾರಿನ ಕಡೆ ಮುಖ ಮಾಡಿದ್ದರು. ಎಲ್ಲರ ಬಟ್ಟಲಿನಿಂದಲೂ ಹಬೆಯೇಳುತ್ತಿತ್ತು. ಒಂದು ಬಟ್ಟಲಿನಿಂದ ಮಾತ್ರ ಏಳುತ್ತಿರಲಿಲ್ಲ. ಯಾರದೆಂದು ನೋಡಲು ಬಗ್ಗುವಷ್ಟರಲ್ಲಿ ಯಾರೋ ಎಂಜಿನ್ ಆರಿಸಿದರು.

ದೊಡ್ಡಕ್ಕ ಎದುರಿಗೆ ನಿಂತಿದ್ದಳು. “ಅಪ್ಪ ಇದ್ದಾಗ ಈ ಟಕಟಕ ಇರ್ಲಿಲ್ಲ ಕಣೋ” ಎಂದಳು ಯೋಚಿಸುತ್ತ. “ನೀನು ಕೈ ಹಾಕಿದ ಮೇಲೆ ಶುರುವಾಗಿದ್ದು. ಮೇಲಿನ ಮುಚ್ಚಳ ತೆಗಿ. ನಾನು ಹಿಡಿ ತಿರುಗಿಸ್ತೀನಿ, ನೀನು ನೋಡು.”

ಪ್ರತಿ ಸಿಲಿಂಡರಿಗೂ ಎರಡು ಪುಟ್ಟ ಬಾಗಿಲು, ಗಾಳಿ ಬರಲು ಒಂದು, ಹೊಗೆ ಹೋಗಲು ಒಂದು. ಅವನ್ನು ಒತ್ತಿ ತೆರೆಯುವ ಉಕ್ಕಿನ ಕೈಗಳಿಗೂ ಅವಕ್ಕೂ ನಡುವೆ ಕೂದಲೆಳೆಯಷ್ಟೇ ಸಂದು ಇರಬೇಕು. ಸಂದು ಹಿಗ್ಗಿದರೆ ಕೈ ಟಕ್ ಟಕ್ ಎಂದು ಬಡಿಯುತ್ತದೆ, ಬಾಗಿಲು ಅರೆಬರೆ ತೆರೆಯುತ್ತದೆ, ಆ ಸಿಲಿಂಡರಿಗೆ ಹೊಟ್ಟೆ ತುಂಬುವುದಿಲ್ಲ. ವರ್ಷಕ್ಕೊಮ್ಮೆ ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ, ಉರಿಯುವ ಸರದಿಯಲ್ಲೇ, ತೆಳು ಉಕ್ಕಿನ ಪಟ್ಟಿ ತೂರಿಸಿ ಸರಿಮಾಡಬೇಕು. ಮೂವತ್ತು ವರ್ಷದಿಂದ ಅವನು ಒಬ್ಬನೇ ಮಾಡುತ್ತಿದ್ದ, ತಪ್ಪಿಸಿದ್ದೇ ಇಲ್ಲ.

ದೊಡ್ಡಕ್ಕ ಟ್ರಕ್ಕಿನ ಮೂತಿಯಲ್ಲಿದ್ದ, ಎಂಜಿನ್ ಸುತ್ತಿಸುವ ಹಿಡಿ ತಿರುಗಿಸಿ “ಒಂದು” ಎಂದಳು. ಅವನು ಅಳೆದ. “ಐದು.” ಅಳೆದ. “ಮೂರು.”

ಅವನು ಕಿಟಕಿಯ ಕಡೆ ನೋಡಿದ.

ದೊಡ್ಡಕ್ಕ ಕಾದಳು. ಅವನ ಕೈಯಲ್ಲಿ ಪಟ್ಟಿ ಗಾಳಿಯಲ್ಲೇ ನಿಂತಿತ್ತು.

“ಹೂಂ, ತಿರುಗಿಸು” ಎಂದ ಅವನು. “ಆರು.”

“ಮೂರು ಎಲ್ಲಿ ಆಯ್ತೋ?”

“ಆಯ್ತಲ್ಲ.”

“ನೀನು ಕಿಟಕಿ ನೋಡ್ತಾ ನಿಂತಿದ್ದೆ.” ಅವಳು ಬಗ್ಗಿದಲ್ಲಿಂದಲೇ ತಲೆಯೆತ್ತಿದಳು. “ಅಯ್ಯೋ ಪೆದ್ದೇ. ವರ್ಷಾ ವರ್ಷಾ ಹೀಗೇನಾ ಮಾಡಿದ್ದು?”

ಅವನು ಬಗ್ಗಿ ನೋಡಿದ. ಉಳಿದ ಕಡೆ ಒಂದೇ ಪಟ್ಟಿಗೆ ಸಂದು ಬಿಗಿಯಾಗುತ್ತಿತ್ತು, ಇಲ್ಲಿ ಐದು ಪಟ್ಟಿ ಒಟ್ಟಿಗೇ ಹೋದವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದ. ಮೂವತ್ತು ವರ್ಷ ಆ ಗಾಡಿ ಐದು ಮಕ್ಕಳ ಬಲದಲ್ಲಿ ಬೆಟ್ಟ ಹತ್ತಿತ್ತು, ಮೂರನೆಯವಳು ಅರೆಹೊಟ್ಟೆಯಲ್ಲಿ ಬಟ್ಟಲು ಬಡಿಯುತ್ತಲೇ ಇದ್ದಳು, ಅವನು ಅದನ್ನು ಕೇಳುತ್ತ ನಿದ್ದೆ ಮಾಡಿದ್ದ.

ಸ್ಪ್ಯಾನರ್ ಹಿಡಿದ ಕೈ ಮಾತ್ರ ಮುಂದೆ ಹೋಗಲಿಲ್ಲ.

“ಇದನ್ನ ಬಿಗಿ ಮಾಡಿದ್ರೆ ಸದ್ದು ನಿಂತುಹೋಗುತ್ತೆ, ಅಕ್ಕ.”

“ನಿಲ್ಲಲಿ.”

“ಅವಳದ್ದು ಅಂತ ಉಳಿದಿರೋದು ಅದೊಂದೇ.”

ದೊಡ್ಡಕ್ಕ ಹಿಡಿ ಬಿಟ್ಟು ಅವನ ಪಕ್ಕಕ್ಕೆ ಬಂದಳು. ಕಬ್ಬಿಣಕ್ಕೆ ಅಳುವುದಿಲ್ಲ ಎಂದವಳ ಕಣ್ಣು ತುಂಬಿತ್ತು. “ಅದು ಹಸಿದವಳ ಸದ್ದು ಕಣೋ. ಇನ್ನೆಷ್ಟು ಕಾಯಿಸ್ತೀಯ? ಬಡಿಸು ಅವಳಿಗೆ.”

ಅವನು ಬಡಿಸಿದ. ತನ್ನ ಜನ್ಮದಲ್ಲಿ ಯಾವ ಕೆಲಸವನ್ನೂ ಅಷ್ಟು ಬೇಗ ಮಾಡಿರಲಿಲ್ಲ.

ಮೂರನೆಯ ದಿನ ನಸುಕಿನಲ್ಲಿ, ಬೆಳಕಿನ್ನೂ ಬೂದು ಬಣ್ಣದಲ್ಲಿರುವಾಗ, ಮೂವತ್ತು ಪೆಟ್ಟಿಗೆಗಳೊಂದಿಗೆ ಹೊರಟರು. ಮಂಜು ತಿರುವು ತಿರುವಿಗೂ ದಾರಿ ಬಿಟ್ಟುಕೊಟ್ಟಿತು. ಏಳು. ಎಂಟು. ಒಂಬತ್ತನೆಯದರ ಬುಡದಲ್ಲಿ ದೊಡ್ಡಕ್ಕ ಗೇರು ಇಳಿಸಿದಾಗ ಎಕ್ಸ್‌ಪ್ರೆಸ್ ಉಸಿರು ಬಿಗಿಹಿಡಿದ. ಟ್ರಕ್ಕು ನಡುಗಲಿಲ್ಲ, ಕುಂಟಲಿಲ್ಲ, ಆರೂ ಜನ ಸೇರಿ ತಳ್ಳಿದ ಹಾಗೆ ಮೇಲೇರಿತು. ಅವನು ಕಿವಿಗೊಟ್ಟು ಕೇಳಿದ. ಟಕಟಕ ಇರಲಿಲ್ಲ. ಹಿಂದಿನ ಪೆಟ್ಟಿಗೆಗಳಲ್ಲಿ ಜೇನು ಏಳುವ ಮುಂಚಿನ ಮೆಲುದನಿ ಮಾತ್ರ ಇತ್ತು. ಸಂತೋಷವೂ ದುಃಖವೂ ಒಟ್ಟಿಗೇ ಬಂದು, ಅವನು ನಾಚಿಕೆಯಿಲ್ಲದೆ ಅತ್ತ. ದೊಡ್ಡಕ್ಕ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಮೇಲೆ ಹೂವು ಕಣ್ಣಿಗೆಟುಕುವಷ್ಟು ದೂರ ಹರಡಿತ್ತು. ಪೆಟ್ಟಿಗೆಗಳನ್ನಿಳಿಸಿ, ಬಾಗಿಲು ತೆರೆದು, ಬಿಸಿ ಆರದ ಬಾನೆಟ್ಟಿನ ಮೇಲೆ ಬುತ್ತಿ ಬಿಚ್ಚಿದರು. ದೊಡ್ಡಕ್ಕ ತನಗೆ ಬಡಿಸಿಕೊಂಡಳು. ಅವನು ಬಟ್ಟಲು ಹಿಡಿದು, ರೂಢಿಯಂತೆ, ಬೇರೆ ಕಡೆ ಮುಖ ತಿರುಗಿಸಿ ಕಾದ.

“ಎಲ್ಲಿ ನೋಡ್ತೀಯ?” ಎಂದಳು ಅವಳು, ಸೌಟು ನಿಲ್ಲಿಸದೆ. “ಅವಳದ್ದಾಯ್ತು. ಈಗ ನಿಂದು.”

ಅವನು ಅವಳ ಮುಖ ನೋಡುತ್ತ ಬಟ್ಟಲು ಮುಂದಕ್ಕೆ ಚಾಚಿದ.