ಅಂಕಣದ ತುಂಬ ಮುಸುಕಿನ ಜೋಳ

ಕೊರೋನಾ ಬರುವುದಕ್ಕೆ ಹಿಂದಿನ ವರ್ಷ. ಗೌರಿಬಿದನೂರಿನ ನಮ್ಮ ಕಾಲೇಜಿನಲ್ಲಿ ಮೊದಲ ಸಲ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದ್ದೆವು. ಆಟದಲ್ಲಿ ನಾನು ಸುಮಾರು. ಮಾತಿನಲ್ಲಿ ಮಾತ್ರ ಯಾರಿಗೂ ಬಿಟ್ಟುಕೊಡುವವನಲ್ಲ ಎಂದು ನನ್ನನ್ನೇ ನಾಯಕನನ್ನಾಗಿ ಮಾಡಿದ್ದರು. ಪ್ರಿನ್ಸಿಪಾಲರಿಗೆ ಈ ಆಟದಲ್ಲಿ ನಂಬಿಕೆಯಿರಲಿಲ್ಲ. "ಈ ಒಂದು ಸೀಸನ್ ನೋಡ್ತೀನಿ. ಒಂದು ಮ್ಯಾಚ್ ಆಡದೆ ಬಿಟ್ರೂ ಕಂಬ ಕೀಳಿಸಿ ವಾಲಿಬಾಲ್ ನೆಟ್ ಕಟ್ಟಿಸ್ತೀನಿ" ಎಂದಿದ್ದರು.

ಮೊದಲ ಪಂದ್ಯ ಚಿಂತಾಮಣಿಯ ಒಂದು ಕಾಲೇಜಿನ ಮೇಲೆ. ಅವರು "ನಮ್ಮೂರಿಗೇ ಬನ್ನಿ" ಎನ್ನುತ್ತಿದ್ದರು. ಫೋನಿನಲ್ಲೇ ಚೌಕಾಸಿ ಮಾಡಿ, ಭಾನುವಾರ ಅವರೇ ಇಲ್ಲಿಗೆ ಬರುವಂತೆ ಒಪ್ಪಿಸಿದೆ. ಅದೇ ಜಂಬದಲ್ಲಿ ಬೆಳಿಗ್ಗೆ ಕಾಲೇಜಿಗೆ ಹೋಗಿ ನೋಡಿದರೆ, ಅಂಕಣದ ತುಂಬ ಮುಸುಕಿನ ಜೋಳ ಒಣಗುತ್ತಿದೆ. ನಡುವೆ ಪಕ್ಕದ ಹಳ್ಳಿಯ ನರಸಮ್ಮ ಕೊಡೆ ಹಿಡಿದು, ಕೋಳಿ ಓಡಿಸುತ್ತ ಕೂತಿದ್ದಾರೆ. ಸುತ್ತಮುತ್ತ ಅಷ್ಟು ಸಮತಟ್ಟಾದ ಸಿಮೆಂಟು ನೆಲ ಬೇರೆಲ್ಲೂ ಇರಲಿಲ್ಲ. ನಮ್ಮ ತಂಡ ಹುಟ್ಟುವ ಮೊದಲಿನಿಂದಲೂ ರಜಾದಿನಗಳಲ್ಲಿ ಅದು ಅವರ ಕಣ.

ಅಷ್ಟರಲ್ಲಿ ಚಿಂತಾಮಣಿಯವರ ವ್ಯಾನು ಬಂದಿತು. ರೆಫರಿ ಗಡಿಯಾರ ನೋಡಿಕೊಂಡು, "ಹನ್ನೊಂದಕ್ಕೆ ಅಂಕಣ ರೆಡಿ ಇರ್ಬೇಕು. ಇಲ್ದಿದ್ರೆ ಆಡದೇನೇ ಅವರು ಗೆದ್ದಂಗೆ" ಎಂದರು.

ನಾನು ನರಸಮ್ಮನ ಹತ್ತಿರ ಹೋಗಿ, "ಅಕ್ಕ, ಇದನ್ನ ಸ್ವಲ್ಪ ಪಕ್ಕಕ್ಕೆ ಎಳ್ಕೊಳ್ಳಿ, ಮ್ಯಾಚಿದೆ" ಎಂದೆ.

"ಏಮಿ ನಾಯನಾ, ಎಳ್ಕೊಳಕ್ಕೆ ಇದೇನು ಚಾಪೆನಾ? ಸಾಯಂಕಾಲ ಲಾರಿ ಬರ್ತದೆ. ಹಸಿ ಇದ್ರೆ ಮುಟ್ಟಲ್ಲ ಅವ್ರು."

"ಹೋಗ್ಲಿ, ಅರ್ಧ ಜಾಗ ಬಿಟ್ಟುಕೊಡಿ."

"ಅರ್ಧ ಜೋಳ ನೀನು ತಿಂತೀಯಾ?"

ಆಗ ನನ್ನ ಕಣ್ಣು ಲೈಬ್ರರಿಯ ತಾರಸಿಯ ಮೇಲೆ ಬಿತ್ತು. "ಮೇಲೆ ಬಿಸಿಲು ಇನ್ನೂ ಜಾಸ್ತಿ ಅಕ್ಕ, ಕೋಳಿ ಕಾಟನೂ ಇಲ್ಲ. ನಾವೇ ಹೊತ್ತು ಹಾಕ್ತೀವಿ."

"ಮಧ್ಯೆ ಮಧ್ಯೆ ತಿರುವಿ ಹಾಕೋರ್ಯಾರು? ನನ್ ಮಂಡಿ ಮೆಟ್ಲು ಹತ್ತಲ್ಲ."

"ನಾವೇ ತಿರುವ್ತೀವಿ."

"ಇಳಿಸೋರು?"

"ನಾವೇ."

"ಲಾರಿಗೆ ತುಂಬೋರು?"

ಒಂದು ಕೆಲಸ ಕೇಳಲು ಹೋದವನು ನಾಲ್ಕು ಕೆಲಸ ಒಪ್ಪಿಕೊಂಡು ಬಂದೆ. ಅಂಥ ಚೌಕಾಸಿ ನಾನು ಇವತ್ತಿಗೂ ಕಂಡಿಲ್ಲ.

ನಮ್ಮ ಹುಡುಗರು ಮಂಕರಿ ತುಂಬ ಜೋಳ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಹೊತ್ತು ಸರಿಯುತ್ತಿತ್ತು, ಜೋಳ ಕರಗುತ್ತಿರಲಿಲ್ಲ. ಚಿಂತಾಮಣಿಯ ನಾಯಕ ಇಮ್ರಾನ್ ಕಾಂಪೌಂಡಿನ ಮೇಲೆ ಕಾಲು ಇಳಿಬಿಟ್ಟು ನಗುತ್ತಿದ್ದ.

"ನಿಮ್ಮೂರಲ್ಲಿ ಬಾಲ್ ಆಡ್ತೀರೋ, ಜೋಳ ಆಡ್ತೀರೋ?"

"ಊರಿಗೆ ಹೋಗಿ ಏನು ಹೇಳ್ತೀಯಪ್ಪ? ಜೋಳ ನೋಡ್ಕೊಂಡು ಗೆದ್ದು ಬಂದ್ವಿ ಅಂತಾನಾ?" ಎಂದೆ.

ಅವನು ಪ್ಯಾಂಟು ಮಡಚಿಕೊಂಡು ಇಳಿದು ಬಂದು, ಒಂದು ಮಂಕರಿ ಎತ್ತಿದ. ಅವನ ಹಿಂದೆ ಅವನ ತಂಡವೂ ಬಂದಿತು. ಹನ್ನೊಂದಕ್ಕೆ ಸರಿಯಾಗಿ ರೆಫರಿ ಸೀಟಿ ಊದಿದರು.

ಎಷ್ಟು ಗುಡಿಸಿದರೂ ಉಳಿದ ಕಾಳಿನ ಮೇಲೆ ಎಲ್ಲರೂ ಜಾರಿದೆವು. ರೆಫರಿಯೂ ಒಮ್ಮೆ ಕೂತೆದ್ದರು. ವಿರಾಮ ಸಿಕ್ಕಾಗಲೆಲ್ಲ ನಾವು ತಾರಸಿಗೆ ಓಡಿ, ಶೂ ಬಿಚ್ಚಿ, ಕಾಲಿನಲ್ಲೇ ಜೋಳ ತಿರುವಿ ಬರುತ್ತಿದ್ದೆವು. ಅರ್ಧ ಆಟ ಮುಗಿದಾಗ ನರಸಮ್ಮ ಇಮ್ರಾನನ ಕಡೆ ಕೊಡೆ ತೋರಿಸಿ, "ಏನಪ್ಪ ಉದ್ದನ ಹುಡುಗ, ಅವ್ರು ಓಡಾಡ್ತಾವ್ರೆ, ನೀನು ನೀರು ಕುಡೀತಾ ಕೂತಿದ್ದೀಯಾ?" ಎಂದರು. ಪಾಪ, ಅವನೂ ಹತ್ತಿ ಬಂದ.

ಕೊನೆಗೆ ಒಂದೇ ಬ್ಯಾಸ್ಕೆಟ್ಟಿನ ಅಂತರದಲ್ಲಿ ಸೋತೆವು. ಸಾಯಂಕಾಲ ಎರಡೂ ತಂಡ ಸೇರಿ ಲಾರಿ ತುಂಬಿದೆವು. ಸೋಮವಾರ ಪ್ರಿನ್ಸಿಪಾಲರು ಕರೆಸಿ, "ಮ್ಯಾಚ್ ನಡೀತೇನಪ್ಪ?" ಎಂದರು.

"ನಡೀತು ಸಾರ್. ಸೋತ್ವಿ."

"ಸೋತ್ರೆ ಸೋತ್ರಿ, ಕಂಬ ಇರ್ಲಿ ಬಿಡು."

ಲಾರಿ ಹೊರಡುವಾಗ ನರಸಮ್ಮ ಒಂದು ಮಾತು ಹೇಳಿದ್ದರು. "ನಿನ್ನೆನೇ ಬಂದು ಒಂದು ಮಾತು ಹೇಳಿದ್ರೆ ಇಲ್ಲಿ ಹಾಕ್ತಾನೇ ಇರ್ಲಿಲ್ಲ ಕಣಪ್ಪ." ಊರೂರಿಗೆ ಫೋನು ಮಾಡಿದ್ದ ನನಗೆ ಪಕ್ಕದ ಹಳ್ಳಿ ನೆನಪಾಗಿರಲಿಲ್ಲ.

ಈಗ ಪೈಪು, ಮೋಟಾರಿನ ಸ್ವಂತ ಅಂಗಡಿ ಇಟ್ಟಿದ್ದೇನೆ. ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ ಹೇಳುವುದು ಇಷ್ಟೇ: ದೂರದವರನ್ನು ಒಪ್ಪಿಸುವ ಮೊದಲು ಪಕ್ಕದವರ ಹತ್ತಿರ ಮಾತಾಡಿ ಬನ್ನಿ.

ಆ ಸೀಸನ್ನಿನ ಮುಂದಿನ ಪಂದ್ಯದ ಹಿಂದಿನ ದಿನ ನಾನೇ ನರಸಮ್ಮನ ಮನೆಗೆ ಹೋಗಿ ಹೇಳಿ ಬಂದೆ. ಆದರೂ ಬೆಳಿಗ್ಗೆ ಅಂಕಣದ ನಡುವೆ ಅದೇ ಕೊಡೆ ಕಂಡು ಓಡಿದೆ. ಹತ್ತಿರ ಹೋದರೆ ನೆಲ ಖಾಲಿ, ಗುಡಿಸಿಯೂ ಆಗಿದೆ.

"ಬೇರೆ ಯಾರಾದ್ರೂ ತಂದು ಸುರಿದುಬಿಟ್ಟಾರು ಅಂತ ಮುಂಚೇನೇ ಬಂದು ಕೂತೆ" ಎಂದರು ನರಸಮ್ಮ. "ಆ ಉದ್ದನ ಹುಡುಗ ಇವತ್ತು ಬರಲ್ವಾ?"