ಹೋಮಕುಂಡದ ಕೆಳಗಿನ ಪೈಪ್

೨೦೨೨ರ ಅಕ್ಟೋಬರ್. ನಿವೃತ್ತನಾಗಿದ್ದರೂ ಮೇರಿಲ್ಯಾಂಡಿನ ಲ್ಯಾನ್‌ಹ್ಯಾಮ್ ಸುತ್ತಮುತ್ತಲ ಮನೆಗಳಿಗೆ ಹೈಡ್ರಾನಿಕ್ ಹೀಟಿಂಗ್ ವಿನ್ಯಾಸ ಮಾಡಿಕೊಡುತ್ತಿದ್ದೆ. ಬಾಯ್ಲರಿನಲ್ಲಿ ಕಾಯಿಸಿದ ನೀರನ್ನು ನೆಲದೊಳಗಿನ ಪೈಪುಗಳಲ್ಲಿ ಹರಿಸಿ ಮನೆಯನ್ನು ಬೆಚ್ಚಗಿಡುವ ವಿದ್ಯೆ ಅದು.

ಗೆಳೆಯನ ಮಗ ಶ್ರೀಧರನ ಹೊಸ ಮನೆಗೆ ಪೈಪ್ ಆರಿಸಿದವನು ನಾನೇ. ಅವನು ತಾಮ್ರವೇ ಶ್ರೇಷ್ಠ ಎಂದಿದ್ದ. ತಾಮ್ರಕ್ಕೆ ಬೆಸುಗೆಗಳು ಹೆಚ್ಚು, ಒಂದು ಸೋರಿದರೂ ಕಾಂಕ್ರೀಟ್ ನೆಲ ಅಗೆಯಬೇಕು ಎಂದು ಗಂಭೀರವಾಗಿ ಉಪದೇಶಿಸಿ, ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪ್ ಹಾಕಿಸಿದೆ. ಆಮ್ಲಜನಕ ಒಳನುಸುಳಿ ಬಾಯ್ಲರಿನ ಕಬ್ಬಿಣ ತುಕ್ಕು ಹಿಡಿಯದಂತೆ ತಡೆಪದರ ಇರುವ ಜಾತಿ. ನೆಲದೊಳಗೆ ಒಂದೂ ಜೋಡಣೆಯಿಲ್ಲದ ಅಖಂಡ ಸುರುಳಿ.

ಗೃಹಪ್ರವೇಶದ ಬೆಳಿಗ್ಗೆ ಹೋಗಿ ನೋಡಿದರೆ, ಹಾಲ್‌ನ ನಟ್ಟನಡುವೆ ಅಲ್ಯೂಮಿನಿಯಂ ತಟ್ಟೆ, ಅದರಲ್ಲಿ ಒಂದೇ ಸಾಲು ಇಟ್ಟಿಗೆ, ಅದರ ಮೇಲೆ ಧಗಧಗ ಉರಿಯುವ ಹೋಮ. ಕೆಳಗೆ ಒಂದೂವರೆ ಇಂಚಿನ ಆಳದಲ್ಲಿ ನನ್ನ ಪ್ಲಾಸ್ಟಿಕ್! ಕಾರಿನಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ತಟ್ಟೆಯಂಚಿನ ಟೈಲಿಗೆ ಗುರಿಯಿಟ್ಟು ಟ್ರಿಗರ್ ಒತ್ತಿದೆ. ೭೪ ಡಿಗ್ರಿ ಸೆಲ್ಸಿಯಸ್. ಪೆಕ್ಸ್ ತಾಳುವ ಮಿತಿ ೯೩. ಅಂಚಿನಲ್ಲೇ ಇಷ್ಟಾದರೆ ತಟ್ಟೆಯಡಿ ಎಷ್ಟೋ, ದೇವರೇ ಬಲ್ಲ.

"ಅಗ್ನಿದೇವನಿಗೇ ಪಿಸ್ತೂಲು ತೋರಿಸ್ತೀರಲ್ಲ ಸ್ವಾಮಿ!" ಎಂದರು ಪುರೋಹಿತರು.

"ಕೆಳಗೆ ಪೈಪ್ ಇದೆ. ಸ್ವಲ್ಪ ಪಕ್ಕಕ್ಕೆ ಇಡಬಹುದಾ?"

"ಪ್ರತಿಷ್ಠೆ ಆಗೋಯ್ತು. ಪೂರ್ಣಾಹುತಿವರೆಗೂ ಕದಲಿಸೋ ಹಾಗಿಲ್ಲ."

ಮಣೆಯ ಮೇಲಿದ್ದ ಶ್ರೀಧರನ ಮುಖ ಬಿಳುಚಿತು. "ಅಂಕಲ್, ಸೀರಿಯಸ್ಸಾ? ಅಪಾರ್ಟ್‌ಮೆಂಟ್ ನಿನ್ನೇನೇ ವೆಕೇಟ್ ಮಾಡ್ಬಿಟ್ವಿ. ಫ್ಲೋರ್ ಒಡೀಬೇಕಾದ್ರೆ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?"

ಯುಟಿಲಿಟಿ ರೂಮಿಗೆ ಓಡಿ, ಬಾಯ್ಲರ್ ಆರಿಸಿ, ಪಂಪ್ ಮಾತ್ರ ಚಾಲೂ ಮಾಡಿದೆ. ಕಾಯಿಸದ ನೀರು ಸುತ್ತಿದರೆ ಪೈಪಿನ ಬಿಸಿಯನ್ನು ಹೊತ್ತೊಯ್ದೀತು ಎಂಬ ಆಸೆ. ಆ ಕ್ಷಣವೇ ಪ್ರೆಶರ್ ಗೇಜಿನ ಮುಳ್ಳು ೧೫ರಿಂದ ೧೩ಕ್ಕೆ ಬಿತ್ತು. ಪೈಪ್ ಸೋರಿತು ಎಂದೇ ಎಣಿಸಿದೆ. ಮುಳ್ಳು ಅಲ್ಲೇ ನಿಂತಾಗ ಹೊಳೆಯಿತು: ಗೇಜ್ ಇರುವುದು ಪಂಪ್ ನೀರೆಳೆಯುವ ಬದಿಯಲ್ಲಿ, ಪಂಪ್ ಹೊರಟರೆ ಅಲ್ಲಿ ಒತ್ತಡ ಇಳಿಯಲೇಬೇಕು. ಹಾಗೆ ಜೋಡಿಸಿದವನೂ ನಾನೇ. ಭಯ ಅಷ್ಟನ್ನೂ ಮರೆಸಿತ್ತು.

ಹಾಲ್‌ಗೆ ಮರಳಿದಾಗ ೮೧. ಇನ್ನೆರಡು ಸೌಟು ತುಪ್ಪಕ್ಕೆ ೮೭. ಪುರೋಹಿತರು ನನ್ನ ಮುಖವನ್ನೊಮ್ಮೆ ನೋಡಿ, ಸೌಟು ಕೆಳಗಿಟ್ಟು ಚಮಚ ಎತ್ತಿಕೊಂಡರು.

"ಸಂಕ್ಷೇಪಕ್ಕೂ ಶಾಸ್ತ್ರದಲ್ಲಿ ಜಾಗ ಇದೆ. ನೀವು ಉಸಿರಾಡಿ."

೮೯ಕ್ಕೆ ಏರಿ, ಅಲ್ಲಿ ನಿಂತು, ಇಳಿಯತೊಡಗಿತು. ಪೂರ್ಣಾಹುತಿಯ ಹೊತ್ತಿನಲ್ಲಿ ಆ ಮನೆಯಲ್ಲಿ ನನ್ನಷ್ಟು ಭಕ್ತಿಯಿಂದ ಕೈಮುಗಿದವರು ಯಾರೂ ಇರಲಿಲ್ಲ. ತಟ್ಟೆ ಎತ್ತಿದಾಗ ಒಂದು ಟೈಲ್ ಬಿರುಕು ಬಿಟ್ಟಿತ್ತು. ಮರುದಿನದವರೆಗೂ ಒತ್ತಡ ಒಂದಿಷ್ಟೂ ಕುಸಿಯಲಿಲ್ಲ.

ಪೈಪ್ ಆರಿಸುವಾಗ ನಾನು ಕ್ಯಾಟಲಾಗನ್ನು ಕೇಳಿದ್ದೆ, ಮನೆಯವರನ್ನು ಕೇಳಿರಲಿಲ್ಲ. ಅಂದಿನಿಂದ ನನ್ನ ಗ್ರಾಹಕರು ತುಂಬುವ ನಮೂನೆಯ ಮೊದಲ ಪ್ರಶ್ನೆ: "ಈ ನೆಲದ ಮೇಲೆ ಬೆಂಕಿ ಹಚ್ಚುವ ಉದ್ದೇಶವಿದೆಯೇ? ಇದ್ದರೆ ಎಲ್ಲಿ?" ಅದನ್ನು ಓದಿದ ಅಮೆರಿಕನ್ ದಂಪತಿ ವಿನಯದಿಂದ ಬೇರೆ ಎಂಜಿನಿಯರನ್ನು ಹುಡುಕಿಕೊಂಡರು. ಪ್ರಶ್ನೆಯನ್ನು ಮಾತ್ರ ನಾನು ತೆಗೆದಿಲ್ಲ.